ಹೋಲ್ಡಾನ್ ಅಂದವಳು ನಾನೇ

ಇವತ್ತು ಬೆಳಿಗ್ಗೆ ಆಪರೇಷನ್ ಥಿಯೇಟರಿನ ಪಕ್ಕದ ಬಟ್ಟೆ ಬದಲಿಸುವ ಕೋಣೆಗೆ ಕಾಲಿಟ್ಟರೆ ಮೂಗಿಗೆ ಮೆಣಸಿನ ಘಾಟು ಬಡಿಯಿತು. ನಮ್ಮ ಥಿಯೇಟರಿನ ಸಿಸ್ಟರಿಗೆ ಎರಡು ದಿನದಿಂದ ಗಂಟಲು ಕಟ್ಟಿದೆ. ಕಾಳುಮೆಣಸನ್ನೂ ಕಲ್ಲುಸಕ್ಕರೆಯನ್ನೂ ಜಜ್ಜಿ, ಕ್ಯಾಲೆಂಡರಿನ ಹಾಳೆಯಲ್ಲಿ ಪೊಟ್ಟಣ ಕಟ್ಟಿಕೊಂಡು ಬಂದಿದ್ದಳು. "ತಗೊಳಿ ಮೇಡಂ, ಒಂಚೂರು ಬಾಯಿಗೆ ಹಾಕ್ಕೊಳಿ. ನಿಮ್ ಮುಖ ನೋಡಿದ್ರೆ ನಿಮ್ಗೂ ಬರೋ ಹಂಗಿದೆ" ಅಂದಳು. ನನ್ನ ಮುಖ ಹತ್ತು ವರ್ಷದಿಂದ ಹಾಗೇ ಇದೆ ಕಣಮ್ಮ ಅಂತ ಹೇಳಬೇಕು ಅನ್ನಿಸಿತು. ಒಂದು ಚೂರು ತೆಗೆದುಕೊಂಡು ಅಂಗೈಯಲ್ಲೇ ಇಟ್ಟುಕೊಂಡು ಕೂತೆ. ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲ.

ಆ ವಾಸನೆ ಕಂಡಕ್ಟರಣ್ಣನ ಜೇಬಿನದು.

ಮೊದಲು ನನ್ನ ವಿಷಯ ಒಂದಿಷ್ಟು ಹೇಳಿಬಿಡುತ್ತೇನೆ. ನಾನು ಆಪರೇಷನ್ನಿಗೆ ಅರಿವಳಿಕೆ, ಅಂದರೆ ಮತ್ತು, ಕೊಡುವ ಡಾಕ್ಟರು. ಇಂಥದ್ದೇ ಆಸ್ಪತ್ರೆ ಅಂತಿಲ್ಲ, ಎಲ್ಲಿಂದ ಫೋನ್ ಬರುತ್ತದೋ ಅಲ್ಲಿಗೆ ಓಡುವುದು. ಬೆಳಿಗ್ಗೆ ತುಮಕೂರು, ಮಧ್ಯಾಹ್ನ ಗುಬ್ಬಿ, ಸಂಜೆ ಕುಣಿಗಲ್. ಇಪ್ಪತ್ತೆರಡು ವರ್ಷ ಹೀಗೇ ಓಡಿದ್ದಾಯಿತು. ಸೊಂಟ ಹೋಯಿತು, ಮಂಡಿ ಹೋಯಿತು. ಕಾರಿನ ಹಿಂದಿನ ಸೀಟಿನಲ್ಲಿ ಒಂದು ದಿಂಬು, ಒಂದು ಜೊತೆ ಬಟ್ಟೆ, ಒಂದು ಡಬ್ಬಿ ಚಕ್ಕುಲಿ ಯಾವಾಗಲೂ ಇರುತ್ತವೆ. ರೋಗಿಗಳಿಗೆ ಆಪರೇಷನ್ ಮಾಡಿದ ಡಾಕ್ಟರು ನೆನಪಿರುತ್ತಾರೆ, ನಾನು ಇರುವುದಿಲ್ಲ. ನೆನಪಿರದ ಹಾಗೆ ಮಾಡುವುದೇ ನನ್ನ ಕೆಲಸ ತಾನೆ. ಅದರ ಬಗ್ಗೆ ಬೇಸರವೇನಿಲ್ಲ. ಒಂದು ಕಾಲದಲ್ಲಿ ಇತ್ತು, ಈಗ ಅದಕ್ಕೂ ಪುರುಸೊತ್ತಿಲ್ಲ.

ಕಂಡಕ್ಟರಣ್ಣ ಮಾತ್ರ ನನ್ನನ್ನು ಡಾಕ್ಟರಾಗುವ ಮೊದಲಿನಿಂದ ಬಲ್ಲವರು. ನಾನು ಹೆಬ್ಬೂರಿನಿಂದ ತುಮಕೂರಿನ ಕಾಲೇಜಿಗೆ ಎರಡು ವರ್ಷ ಅವರ ಬಸ್ಸಿನಲ್ಲೇ ಓಡಾಡಿದ್ದು. ಕುಣಿಗಲ್ಲಿನಿಂದ ಹೊರಟು ಹೆಬ್ಬೂರು, ಗೂಳೂರು ಮುಟ್ಟಿ ತುಮಕೂರಿಗೆ ಬರುತ್ತಿದ್ದ ಖಾಸಗಿ ಬಸ್ಸು. ರಸ್ತೆ ಅರ್ಧ ಟಾರು, ಅರ್ಧ ಧೂಳು. ಆ ಧೂಳನ್ನು ಕುಡಿದೂ ಕುಡಿದೂ, ಮೇಲೆ ಬೀಡಿಯನ್ನೂ ಸೇದಿ, ಅವರಿಗೆ ಮೂವತ್ತು ತುಂಬುವುದರೊಳಗೇ ಒಂದು ಕೆಮ್ಮು ಅಂಟಿಕೊಂಡಿತ್ತು. ಎರಡು ಸಣ್ಣ ಕೆಮ್ಮು, ಆಮೇಲೆ ಒಂದು ದೊಡ್ಡದು. ಬಸ್ಸು ತಿರುವಿನಲ್ಲಿರುವಾಗಲೇ ಸ್ಟಾಪಿನಲ್ಲಿದ್ದವರಿಗೆ ಗೊತ್ತಾಗುತ್ತಿತ್ತು, ಯಾವ ಬಸ್ಸು ಅಂತ. ಖಾಕಿ ಅಂಗಿಯ ಮೇಲುಜೇಬಿನಲ್ಲಿ ಮೆಣಸು ಕಲ್ಲುಸಕ್ಕರೆಯ ಪೊಟ್ಟಣ. ನನ್ನ ಪರೀಕ್ಷೆಯ ದಿನಗಳಲ್ಲಿ ಒಂದು ಚೂರು ನನ್ನ ಕೈಗೂ ಬರುತ್ತಿತ್ತು. "ತಗೋ ಮಗಾ, ತಲೆ ಚುರುಕಾಯ್ತದೆ" ಅನ್ನುತ್ತಿದ್ದರು. ತಲೆಗೂ ಮೆಣಸಿಗೂ ಏನು ಸಂಬಂಧವೋ, ಅವರನ್ನೇ ಕೇಳಬೇಕಿತ್ತು.

ನಾನು ಯಾವತ್ತೂ ಹೊತ್ತಿಗೆ ಸರಿಯಾಗಿ ಸ್ಟಾಪಿಗೆ ಬಂದವಳಲ್ಲ. ಜಡೆ ಅರ್ಧ ಹೆಣೆದುಕೊಂಡು ಓಡಿಬರುವುದನ್ನು ನೋಡಿ ಅವರು ಒಳಗೆ ಕೂಗುತ್ತಿದ್ದರು: "ಹೋಲ್ಡಾನ್! ನಮ್ ಕಾಲೇಜ್ ಹುಡ್ಗಿ ಬತ್ತಾವ್ಳೆ." ಹೋಲ್ಡಾನ್ ಅಂದರೆ ಬಸ್ಸು ನಿಲ್ಲಬೇಕು, ರೈಟ್ ಅಂದರೆ ಹೊರಡಬೇಕು. ನಡುವೆ ಯಾರು ಏನೇ ಅರಚಿಕೊಂಡರೂ ಚಕ್ರ ತಿರುಗುವ ಹಾಗಿಲ್ಲ. ಅದು ಅವರ ಕಟ್ಟಳೆ.

ಆ ಕಟ್ಟಳೆಗೆ ಒಂದು ಕಾರಣವಿತ್ತು, ಅದು ನಡೆದಾಗ ನಾನು ಬಸ್ಸಿನಲ್ಲೇ ಇದ್ದೆ. ಗೂಳೂರಿನ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಹತ್ತುತ್ತಿತ್ತು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ನೆಲದ ಮೇಲೆ. ಅಷ್ಟರಲ್ಲಿ ಹಿಂದಿನ ಸೀಟಿನ ಕಾಲೇಜು ಹುಡುಗನೊಬ್ಬ ಕಂಡಕ್ಟರಣ್ಣನ ದನಿಯನ್ನೇ ತೆಗೆದು "ರೈಟ್!" ಅಂದುಬಿಟ್ಟ. ಡ್ರೈವರು ಗಾಡಿ ಬಿಟ್ಟ. ಅಜ್ಜಿ ದೊಪ್ಪನೆ ಬಿತ್ತು. ಮಂಡಿ ತರಚಿ ರಕ್ತ. ಕಂಡಕ್ಟರಣ್ಣ ಅಜ್ಜಿಯನ್ನು ಎತ್ತಿ ಕೂರಿಸಿ, ತಮ್ಮ ಟವೆಲಿನಿಂದಲೇ ಕಾಲು ಕಟ್ಟಿ, ಆಮೇಲೆ ಮುಂದೆ ಹೋಗಿ ಡ್ರೈವರಿಗೆ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಇನ್ಮ್ಯಾಕೆ ಹೋಲ್ಡಾನ್ ಅಂದವನೇ ರೈಟ್ ಅನ್ಬೇಕು. ಬ್ಯಾರೆ ಯಾವನು ಅಂದ್ರೂ ಗಾಡಿ ಅಲ್ಲಾಡಂಗಿಲ್ಲ. ದೇವ್ರೇ ಬಂದು ಅಂದ್ರೂ ಇಲ್ಲ."

ಆವತ್ತಿನಿಂದ ಅವರು ಮೊದಲು ಕೆಮ್ಮಿ ಆಮೇಲೆ ರೈಟ್ ಅನ್ನುವುದನ್ನು ರೂಢಿ ಮಾಡಿಕೊಂಡರು. ರೈಟ್ ಅನ್ನುವುದನ್ನು ಯಾರಾದರೂ ಅಣಕಿಸಬಹುದು, ಆ ಕೆಮ್ಮನ್ನು ಯಾರಿಂದಲೂ ಅಣಕಿಸಲು ಆಗುತ್ತಿರಲಿಲ್ಲ. ಅವರು ಕೆಳಗಿಳಿದು ಯಾರದೋ ಮೂಟೆ ಇಳಿಸುತ್ತಾ ನಿಂತರೆ ಒಳಗಿದ್ದವರು ರೇಗಿಸುತ್ತಿದ್ದರು, "ಏನ್ಲಾ, ಮದ್ವೆ ಊಟ ಮುಗಿಸ್ಕಂಡೇ ಬತ್ತೀಯಾ?" ಅಂತ. ಡ್ರೈವರು ಮಾತ್ರ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಕೆಮ್ಮಿಗೆ ಕಾಯುತ್ತಾ ಕೂತಿರುತ್ತಿದ್ದ.

ಇದೆಲ್ಲ ತಮಾಷೆ ಅಂದುಕೊಂಡಿದ್ದೆ. ತಮಾಷೆಯೇ ಆಗಿತ್ತು, ಆಗ…

ನಾಲ್ಕು ವರ್ಷದ ಹಿಂದೆ ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಅವರನ್ನು ಮತ್ತೆ ನೋಡಿದೆ. ನನಗೆ ಗುರುತೇ ಸಿಗಲಿಲ್ಲ. ಮಂಚದ ಮೇಲೆ ಮುಂದಕ್ಕೆ ಬಾಗಿ, ಎರಡೂ ಕೈ ಮಂಡಿಯ ಮೇಲೆ ಊರಿಕೊಂಡು ಉಸಿರಿಗೆ ಒದ್ದಾಡುತ್ತಾ ಒಬ್ಬ ಮುದುಕರು ಕೂತಿದ್ದರು. ಪಕ್ಕೆಯಿಂದ ಒಂದು ಟ್ಯೂಬು ಕೆಳಗಿನ ಬಾಟಲಿಗೆ ಇಳಿದಿತ್ತು. ನಾನು ಫೈಲು ನೋಡುತ್ತಾ ನಿಂತಿದ್ದಾಗ ಕೆಮ್ಮಿದರು. ಎರಡು ಸಣ್ಣದು, ಒಂದು ದೊಡ್ಡದು. ತಲೆ ಎತ್ತಿ ನೋಡಿದೆ. "ಅಯ್ಯೋ, ಕಂಡಕ್ಟರಣ್ಣ!" ಅಂದೆ. ಅವರು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿ, "ಲೇಟಾಗ್ ಬರೋ ಹುಡ್ಗಿ ಅಲ್ವಾ?" ಅಂದರು.

ಆಮೇಲೆ ಹೆಂಡತಿಯ ಕಡೆ ತಿರುಗಿ, "ನೋಡ್ದಾ, ನಮ್ ಬಸ್ಸಲ್ ಓದಿದ್ ಮಗ. ಡಾಕ್ಟ್ರಾಗವ್ಳೆ" ಅಂತ ಹೇಳಿಕೊಂಡರು. ಬಸ್ಸಿನಲ್ಲೇ ಓದಿದ್ದು ಅನ್ನುವ ಹಾಗೆ! ಆಯಮ್ಮ ಎರಡೂ ಕೈ ಎತ್ತಿ ಮುಗಿದರು. ನನಗಿಂತ ದೊಡ್ಡವರು ಹಾಗೆ ಕೈ ಮುಗಿದರೆ ಎಲ್ಲಿ ನೋಡಬೇಕೋ ನನಗೆ ಗೊತ್ತಾಗುವುದಿಲ್ಲ.

ಅವರ ಬಲ ಶ್ವಾಸಕೋಶದ ತುದಿಯಲ್ಲಿ ಗಾಳಿಗುಳ್ಳೆಗಳು ಎದ್ದಿದ್ದವು. ಅವು ಒಡೆದು ಗಾಳಿ ಎದೆಯೊಳಗೆ ತುಂಬಿಕೊಂಡು ಶ್ವಾಸಕೋಶ ಕುಸಿಯುವುದು, ಟ್ಯೂಬು ಹಾಕಿ ಗಾಳಿ ತೆಗೆಯುವುದು, ವಾಸಿಯಾಗಿ ಮನೆಗೆ ಹೋದರೆ ಮತ್ತೆ ಒಡೆಯುವುದು. ಮೂರನೇ ಸಲ ಬಂದಿದ್ದರು. ಆ ಗುಳ್ಳೆಗಳನ್ನು ಕತ್ತರಿಸಿ ಹೊಲಿದುಬಿಟ್ಟರೆ ಬದುಕಬಹುದು. ಆದರೆ ಪೂರ್ತಿ ಮತ್ತು ಕೊಟ್ಟು, ಗಂಟಲಿಗೆ ಟ್ಯೂಬು ಇಳಿಸಿ, ಮೆಷಿನ್ನಿನಿಂದ ಗಾಳಿ ಒತ್ತಿದರೆ ಆ ಶ್ವಾಸಕೋಶ ತಡೆಯುವುದು ಕಷ್ಟ. ಮೆಷಿನ್ನಿಗೆ ಹಾಕುವುದು ಸುಲಭ, ಅಂಥವರನ್ನು ಅದರಿಂದ ಬಿಡಿಸುವುದು ಸುಲಭವಲ್ಲ.

ಬೆಂಗಳೂರಿನಿಂದ ಬರುತ್ತಿದ್ದ ಎದೆಯ ಸರ್ಜನ್ನು ಬೇರೆ ದಾರಿ ಹೇಳಿದರು. ಗಂಟಲಿಗೆ ಟ್ಯೂಬೇ ಬೇಡ. ರೋಗಿ ತನ್ನ ಉಸಿರನ್ನು ತಾನೇ ಆಡಿಕೊಂಡಿರಲಿ. ಪಕ್ಕೆಲುಬಿನ ನರಗಳಿಗೆ ಇಂಜೆಕ್ಷನ್ ಕೊಟ್ಟು ನೋವು ತಡೆಯೋಣ, ಒಂಚೂರು ಮಂಪರು ಬರಿಸೋಣ, ಸಣ್ಣ ರಂಧ್ರದಲ್ಲಿ ಕ್ಯಾಮೆರಾ ಇಳಿಸಿ ಕೆಲಸ ಮುಗಿಸೋಣ ಅಂತ. ತೊಡಕು ಒಂದೇ, ಕೆಮ್ಮು. ಶ್ವಾಸಕೋಶವನ್ನು ಹಿಡಿದು ಎಳೆದ ಕೂಡಲೇ ಯಾರಿಗಾದರೂ ಕೆಮ್ಮು ಬರುತ್ತದೆ. ಸರ್ಜನ್ನಿನ ಕತ್ತರಿ ದೊಡ್ಡ ರಕ್ತನಾಳದ ಪಕ್ಕದಲ್ಲಿರುವಾಗ ಎದೆ ಒಂದು ಸಲ ಎಗರಿದರೂ ಮುಗಿಯಿತು. ಅದಕ್ಕೆ ಎದೆಯೊಳಗೇ ಹಾದುಹೋಗುವ ವೇಗಸ್ ಅನ್ನುವ ಉದ್ದನೆಯ ನರದ ಪಕ್ಕ, ಕ್ಯಾಮೆರಾದಲ್ಲಿ ನೋಡಿಕೊಂಡು, ಮರಗಟ್ಟಿಸುವ ಔಷಧಿಯನ್ನು ಒಂದಿಷ್ಟು ಬಿಡುತ್ತಾರೆ. ಕೆಮ್ಮಬೇಕು ಅನ್ನುವ ಸುದ್ದಿ ಆ ನರದಲ್ಲೇ ಮೇಲೆ ಹೋಗಬೇಕು. ಕೆಲವು ಗಂಟೆ ಆ ಸುದ್ದಿ ಹೋಗುವುದಿಲ್ಲ. ಆಮೇಲೆ ಔಷಧಿ ಇಳಿಯುತ್ತದೆ, ಕೆಮ್ಮು ವಾಪಸು ಬರುತ್ತದೆ. ಬರಲೇಬೇಕು. ಆಪರೇಷನ್ ಆದ ಮೇಲೆ ಕೆಮ್ಮಿ ಕಫ ಹೊರಗೆ ಹಾಕದಿದ್ದರೆ ಅದು ಒಳಗೇ ಕೊಳೆಯುತ್ತದೆ. ಇದು ಮೆಡಿಕಲ್ ಓದುವ ಮಕ್ಕಳಿಗೂ ಗೊತ್ತಿರುವ ಮಾತು.

ನಾನು ಹಾಗೆ ಮತ್ತು ಕೊಡುತ್ತಿದ್ದದ್ದು ಅದೇ ಮೊದಲು. ಓದಿದ್ದೆ, ಬೆಂಗಳೂರಿಗೆ ಹೋಗಿ ಎರಡು ಸಲ ನಿಂತು ನೋಡಿಕೊಂಡು ಬಂದಿದ್ದೆ, ಅಷ್ಟೇ. ಭಯವಿತ್ತು. ಹಿಂದಿನ ದಿನ ವಾರ್ಡಿಗೆ ಹೋದಾಗ ಆ ಭಯದಲ್ಲೇ ಒಂದು ಮಾತು ಸೇರಿಸಿಬಿಟ್ಟೆ.

"ನಾಳೆ ಒಳಗೆ ನಿಮ್ಗೆ ಪೂರ್ತಿ ನಿದ್ದೆ ಇರಲ್ಲ. ಏನೇ ಆದ್ರೂ ಕೆಮ್ಮಬಾರದು, ಅಣ್ಣ. ಕೆಮ್ಮಿದ್ರೆ ಜೀವಕ್ಕೇ ಅಪಾಯ."

"ಗಂಟ್ಲಿಗೇ ಬಂದ್ಬುಟ್ರೆ?"

"ನುಂಗ್ಕೊಳ್ಳಿ."

"ಎಷ್ಟೊತ್ತು ತಡ್ಕಬೇಕವ್ವ?"

"ನಾನು ಹೇಳೋವರೆಗೂ."

ಅವರು ನಕ್ಕರು. "ಅಂಗಾರೆ ನೀವ್ ಹೋಲ್ಡಾನ್ ಅಂದ್ಬುಟ್ರಿ. ರೈಟ್ ಅನ್ನೋಗಂಟ ಗಾಡಿ ಅಲ್ಲಾಡಲ್ಲ, ಬುಡಿ." ನಾನೂ ನಕ್ಕೆ. ನಕ್ಕು, ಮಂಚದ ಪಕ್ಕದ ಫೈಲಿಗೆ ಸಹಿ ಹಾಕಿ ಬಂದೆ. ಔಷಧಿಯೇ ಕೆಮ್ಮನ್ನು ತಡೆಯುವಾಗ ಆ ಮಾತಿನ ಅಗತ್ಯವೇ ಇರಲಿಲ್ಲ. ಔಷಧಿಯ ಮೇಲೆ ನನಗೆ ಪೂರ್ತಿ ನಂಬಿಕೆ ಇದ್ದಿದ್ದರೆ ಆಡುತ್ತಲೂ ಇರಲಿಲ್ಲ.

ಆಪರೇಷನ್ ಸೊಗಸಾಗಿ ಆಯಿತು. ಅದನ್ನು ಹೇಳಲೇಬೇಕು. ನಾನು ಅವರ ತಲೆಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದೆ. ಒಂದು ಕೈ ಅವರ ಗದ್ದದ ಮೇಲೆ, ಕಣ್ಣು ಮಾನಿಟರಿನ ಮೇಲೆ. ಸರ್ಜನ್ನು ಸೂಜಿ ಇಳಿಸಿ ನರದ ಪಕ್ಕದಲ್ಲಿ ಔಷಧಿ ಬಿಟ್ಟಾಗ ಪರದೆಯ ಮೇಲೆ ಆ ಜಾಗ ಮೆಲ್ಲಗೆ ಊದಿಕೊಂಡಿತು. ಐದು ನಿಮಿಷ ಕಾದೆವು. ಆಮೇಲೆ ಶ್ವಾಸಕೋಶವನ್ನು ಹಿಡಿದು ಎಳೆದರು. ಏನೂ ಆಗಲಿಲ್ಲ. ಮೂವತ್ತು ವರ್ಷ ಆ ರಸ್ತೆಯನ್ನೆಲ್ಲ ಎಬ್ಬಿಸಿದ್ದ ಕೆಮ್ಮು ಸುಮ್ಮನಾಗಿತ್ತು. ಸರ್ಜನ್ನು ಮಾಸ್ಕಿನ ಮೇಲಿಂದ ನನ್ನತ್ತ ನೋಡಿ ತಲೆಯಾಡಿಸಿದರು. ಸುಳ್ಳೇಕೆ ಹೇಳಲಿ, ಬಹಳ ಹೆಮ್ಮೆಯಾಯಿತು.

ಹೊರಗೆ ತಂದು ಮಲಗಿಸಿದಾಗ ಅವರು ಅರೆನಿದ್ದೆಯಲ್ಲಿದ್ದರು. "ಚೆನ್ನಾಗಾಯ್ತು ಅಣ್ಣ, ಮಲಕ್ಕೊಳ್ಳಿ" ಅಂತ ಭುಜ ತಟ್ಟಿದೆ. ಆ ಹೊತ್ತಿಗೆ ಕುಣಿಗಲ್ಲಿನಿಂದ ಮೂರು ಫೋನ್ ಬಂದಿದ್ದವು. ಓಡಿದೆ.

ಮಾರನೆಯ ದಿನ ವಾರ್ಡಿಗೆ ಹೋಗಿ ನೋಡಬೇಕು ಅಂದುಕೊಂಡಿದ್ದೆ. ಆಗಲಿಲ್ಲ. ಅದರ ಮಾರನೆಯ ದಿನ ಅದೇ ಆಸ್ಪತ್ರೆಗೆ ಬಂದಿದ್ದೆ, ಹಿಂದಿನ ಮೆಟ್ಟಿಲಿನಿಂದ ಥಿಯೇಟರಿಗೆ ಹೋಗಿ ಹಿಂದಿನ ಮೆಟ್ಟಿಲಿನಿಂದಲೇ ಇಳಿದೆ. ವಾರ್ಡು ಒಂದೇ ಒಂದು ಮಹಡಿ ಕೆಳಗೆ, ಮುಂದಿನ ಮೆಟ್ಟಿಲಿನ ಪಕ್ಕದಲ್ಲೇ ಇತ್ತು. ಕಾಲು ನೋಯುತ್ತಿತ್ತು. ಥಿಯೇಟರಿನಿಂದ ಹೊರಗೆ ಕಳಿಸಿದ ಮೇಲೆ ನಮ್ಮ ಕೆಲಸ ಮುಗಿಯಿತು ಅನ್ನುವುದು ನಮ್ಮ ಕಸುಬಿನಲ್ಲಿ ರೂಢಿ. ನಾನೂ ಹಾಗೇ ನಡೆದುಕೊಂಡೆ.

ನಾಲ್ಕನೆಯ ದಿನ ಗುಬ್ಬಿಯ ನರ್ಸಿಂಗ್ ಹೋಮಿನಲ್ಲಿದ್ದೆ. ಒಂದು ಸಿಸೇರಿಯನ್ ಮುಗಿದಿತ್ತು, ಇನ್ನೊಂದಕ್ಕೆ ಹೆಂಗಸನ್ನು ಮೇಜಿನ ಮೇಲೆ ಮಲಗಿಸುತ್ತಿದ್ದರು. ಬೆಳಗಿನ ಉಪ್ಪಿಟ್ಟು ಮಧ್ಯಾಹ್ನ ಎರಡು ಗಂಟೆಗೆ ತಟ್ಟೆಯಲ್ಲಿ ಒಣಗಿಕೊಂಡು ಕೂತಿತ್ತು. ಆಗ ಕಂಡಕ್ಟರಣ್ಣನ ಹೆಂಡತಿಯ ಫೋನು. ದನಿಯಲ್ಲಿ ಎಷ್ಟು ಸಂತೋಷ!

"ಡಾಕ್ಟ್ರಮ್ಮ, ಇವತ್ತು ಮನೆಗ್ ಕಳುಸ್ತಾವ್ರೆ. ನಿಮ್ ಕೈಗುಣ ಕಣವ್ವ. ಆಪ್ರೇಸನ್ ಆದಾಗ್ಲಿಂದ ನಮ್ಮನೆಯವ್ರು ಒಂದ್ಸಲನೂ ಕೆಮ್ಮಿಲ್ಲ!"

ನಾನು ಬಾಯಿಗೆ ಒಂದು ತುತ್ತು ಉಪ್ಪಿಟ್ಟು ಹಾಕಿಕೊಂಡು, "ಒಳ್ಳೇದಾಯ್ತಕ್ಕ" ಅಂದೆ.

ಆಯಮ್ಮನ ಆ ಮಾತನ್ನು ಎಷ್ಟು ಸಲ ತಿರುಗಿಸಿ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಶ್ವಾಸಕೋಶ ಕತ್ತರಿಸಿಕೊಂಡ ಮನುಷ್ಯ ನಾಲ್ಕು ದಿನ ಕೆಮ್ಮಿಲ್ಲ ಅಂದರೆ ಅದೇನು ಒಳ್ಳೆಯ ಸುದ್ದಿಯೇ? ಬೇರೆ ಯಾವ ಡಾಕ್ಟರಾದರೂ ಬಂದು ಹಾಗಂದಿದ್ದರೆ ಗದರಿಸುತ್ತಿದ್ದೆ. ಆದರೆ ಆವತ್ತು ನನ್ನ ಕಿವಿಗೆ ಬಿದ್ದದ್ದು ಬರೀ ಒಂದು ಥ್ಯಾಂಕ್ಸು. ದಿನಕ್ಕೆ ಹತ್ತು ಕೇಳುತ್ತೇವಲ್ಲ, ಅಂಥದ್ದು. ಫೋನಿಟ್ಟು ಕೈ ತೊಳೆಯಲು ಹೋದೆ.

ಆಮೇಲೆ ವಾರ್ಡಿನವರನ್ನು ಕೇಳಿ ತಿಳಿದುಕೊಂಡೆ. ಎದೆಗೆ ವ್ಯಾಯಾಮ ಹೇಳಿಕೊಡುವ ಹುಡುಗಿ ದಿನಾ ಬಂದು "ಕೆಮ್ಮಿ ಅಂಕಲ್, ಜೋರಾಗಿ ಕೆಮ್ಮಿ" ಅಂತ ಹೇಳಿಯೇ ಇದ್ದಳಂತೆ. ಅವಳು ಕೊಟ್ಟ ಮೂರು ಚೆಂಡಿನ ಡಬ್ಬಿಯಲ್ಲಿ ಅವರು ಉಸಿರೆಳೆದು ಚೆಂಡುಗಳನ್ನು ಚೆನ್ನಾಗಿಯೇ ಎತ್ತಿ ತೋರಿಸುತ್ತಿದ್ದರಂತೆ. ಕೆಮ್ಮು ಅಂದರೆ ಮಾತ್ರ ನಗುತ್ತಾ ತಲೆಯಾಡಿಸಿ, "ನೀನ್ ಅಂದ್ರೆ ಆಗಲ್ಲ ಮಗಾ, ಡಾಕ್ಟ್ರಮ್ಮ ಅನ್ಬೇಕು" ಅನ್ನುತ್ತಿದ್ದರಂತೆ. ಅವಳು ಚಿಕ್ಕ ಹುಡುಗಿ, ಮುದುಕರು ನೋವಿಗೆ ಹೆದರಿ ನೆಪ ಹೇಳುತ್ತಿದ್ದಾರೆ ಅಂದುಕೊಂಡಳು. ಸಿಸ್ಟರ್ ನೋವಿನ ಮಾತ್ರೆ ಜಾಸ್ತಿ ಮಾಡಿದಳು. ಮನೆಗೆ ಹೋದ ಮೇಲೆ ಹೆಂಡತಿ ಹೊತ್ತಿಗೊಂದು ಸಲ ಮೆಣಸು ಕಲ್ಲುಸಕ್ಕರೆ ಕೊಡುತ್ತಿದ್ದರು, ಕೆಮ್ಮು ಏಳದಿರಲಿ ಅಂತ. ಎಲ್ಲರೂ ತಮಗೆ ಸರಿ ಕಂಡದ್ದನ್ನು ಮಾಡಿದ್ದಾರೆ. ಯಾರನ್ನು ಅನ್ನುವುದು?

ಒಂಬತ್ತನೆಯ ದಿನ ಜ್ವರ ಬಂದು ವಾಪಸು ಕರೆದುಕೊಂಡು ಬಂದರು. ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆಲ್ಲ ಬೆಳ್ಳಗಾಗಿತ್ತು. ಸುದ್ದಿ ಬಂದಾಗ ನಾನು ಪಕ್ಕದ ಆಸ್ಪತ್ರೆಯಲ್ಲೇ ಇದ್ದೆ, ಓಡಿಹೋದೆ. ಐಸಿಯು ಮಂಚದಲ್ಲಿ ಮಾಸ್ಕು ಹಾಕಿಕೊಂಡು ಕೂತಿದ್ದರು. ತುಟಿ ನೀಲಿ. ಪ್ರತಿ ಉಸಿರಿಗೂ ಎದೆಯೊಳಗೆ ಗೊರಗೊರ. ನನ್ನನ್ನು ನೋಡಿದ ಕೂಡಲೇ ಮುಖ ಅರಳಿತು. ಮಾಸ್ಕು ಸರಿಸಿ, ಒಂದೊಂದೇ ಮಾತಾಗಿ ಹೇಳಿದರು.

"ತಡ್ಕಂಡೇ ಇದೀನಿ ಕಣವ್ವ… ಒಂದ್ಸಲನೂ ಬುಟ್ಟಿಲ್ಲ… ನೀವಿನ್ನೂ ರೈಟ್ ಅಂದಿಲ್ವಲ್ಲ."

ಅವರ ದನಿಯಲ್ಲಿ ದೂರು ಇರಲಿಲ್ಲ. ವರದಿ ಒಪ್ಪಿಸುವವರ ಹಾಗೆ ಹೇಳಿದರು. ಒಪ್ಪಿಕೊಂಡ ಕೆಲಸವನ್ನು ಚಾಚೂ ತಪ್ಪದೆ ಮಾಡಿದ್ದೇನೆ ಅನ್ನುವ ಹಾಗೆ. ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮಂಚದ ಕಂಬಿ ಹಿಡಿದುಕೊಂಡೆ.

"ರೈಟ್ ಅಣ್ಣ, ರೈಟ್! ಕೆಮ್ಮಿ, ಕೆಮ್ಮಿ ಅಣ್ಣ, ಎಷ್ಟ್ ಬೇಕಾದ್ರೂ ಕೆಮ್ಮಿ" ಅಂತ ಕೂಗಿದೆ. ಆಚೀಚೆಯ ಮಂಚದವರೆಲ್ಲ ತಿರುಗಿ ನೋಡಿದರು. ಅವರು ಪ್ರಯತ್ನಪಟ್ಟರು. ಭುಜ ಮೇಲೆದ್ದಿತು, ಕೊರಳ ನರ ಉಬ್ಬಿದವು. ಒಳಗಿನಿಂದ ಒಂದು ಸಣ್ಣ ಗೊರಗೊರ ಸದ್ದು ಬಂತು, ಅಷ್ಟೇ. ಕೆಮ್ಮುವುದಕ್ಕೆ ಬೇಕಾದ ಬಲವೇ ಉಳಿದಿರಲಿಲ್ಲ.

ಸಂಜೆಗೆ ಉಸಿರು ತೀರ ಸೋತಿತು. ಯಾವ ಟ್ಯೂಬು ಬೇಡ ಅಂತ ಇಷ್ಟೆಲ್ಲ ಮಾಡಿದೆವೋ ಅದನ್ನು ಕೊನೆಗೆ ನಾನೇ ಅವರ ಗಂಟಲಿಗೆ ಇಳಿಸಿದೆ. ಒಳಗಿನಿಂದ ಕಫ ಎಳೆದಾಗ ದಪ್ಪಗೆ, ಹಳದಿಯಾಗಿ ಬಂತು. ಒಂಬತ್ತು ದಿನದ್ದು. ಮೂರು ದಿನ ಮೆಷಿನ್ನಿನ ಮೇಲಿದ್ದರು. ಆ ಮೂರೂ ದಿನ ಮುಂದಿನ ಮೆಟ್ಟಿಲಿನಿಂದಲೇ ಹತ್ತಿಹೋಗಿ ಅವರ ಪಕ್ಕ ನಿಲ್ಲುತ್ತಿದ್ದೆ. ಕಿವಿಯ ಹತ್ತಿರ ಬಾಗಿ ರೈಟ್ ಅನ್ನುತ್ತಿದ್ದೆ. ಕೇಳಿಸಿತೋ ಇಲ್ಲವೋ… ನಾಲ್ಕನೆಯ ದಿನ ಬೆಳಿಗ್ಗೆ ಹೋಗಿಬಿಟ್ಟರು.

ಯಾರೂ ನನ್ನನ್ನು ಏನೂ ಕೇಳಲಿಲ್ಲ. ಸರ್ಜನ್ನು ಫೋನಿನಲ್ಲಿ, "ಆ ಲಂಗ್ಸೇ ಅಷ್ಟು ಹಾಳಾಗಿತ್ತು, ಮೇಡಂ, ನಾವು ಮಾಡೋದನ್ನ ಮಾಡಿದ್ವಿ" ಅಂದರು. ಕಾಗದದ ಮೇಲೆ ನ್ಯುಮೋನಿಯಾ ಅಂತ ಬರೆದರು. ಅದೂ ಸುಳ್ಳಲ್ಲ.

ಒಂದು ತಿಂಗಳಾದ ಮೇಲೆ ಅವರ ಮನೆಗೆ ಹೋದೆ. ಹೆಬ್ಬೂರಿನಿಂದ ಒಂದು ಮೈಲಿ ಒಳಗೆ, ಮಗಳು ಅಳಿಯನ ಮನೆಗೆ ಅಂಟಿಕೊಂಡ ಎರಡು ಕೋಣೆ. ಹೇಳಿಬಿಡಬೇಕು ಅಂತಲೇ ಹೋಗಿದ್ದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆಯಮ್ಮ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಸೆರಗಿನಿಂದ ಸ್ಟೂಲು ಒರೆಸಿ ಕಾಫಿ ಇಟ್ಟರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು.

"ಒಳಿಕ್ ಬರೋ ಮುಂಚೆ ಬಾಗ್ಲಲ್ ಕೆಮ್ಮೋರು ಕಣವ್ವ, ಗಂಡುಸ್ರು ಬಂದ್ರು ಅಂತ ಗೊತ್ತಾಗ್ಲಿ ಅಂತ. ಮದ್ವೆ ಆದಾಗ್ಲಿಂದ ಅಂಗೆಯ. ಆಸ್ಪತ್ರೆಯಿಂದ ಬಂದ್ ದಿನ ಸುಮ್ಕೆ ಒಳಿಕ್ ಬಂದ್ಬುಟ್ರು. ನಂಗೆ ಗೊತ್ತೇ ಆಗ್ಲಿಲ್ಲ, ಬೆಚ್ಚಿಬಿದ್ದೆ. ಅದ್ಕೆ ನಗಾಡುದ್ರು." ಬಾಗಿಲ ಕಡೆ ನೋಡಿದರು. "ಅವತ್ತು ಫೋನಲ್ ನೀವು ಒಳ್ಳೇದಾಯ್ತು ಅಂದ್ರಲ್ಲ, ಅದುನ್ನ ಅವ್ರಿಗ್ ಹೇಳ್ದೆ. ಎಷ್ಟ್ ಖುಸಿ ಪಟ್ರು ಗೊತ್ತಾ? ‘ನೋಡ್ದಾ, ಡಾಕ್ಟ್ರಮ್ಮ ಮೆಚ್ಕಂಡವ್ರೆ’ ಅಂತ ಬಂದೋರ್ಗೆಲ್ಲ ಹೇಳ್ಕಂಡು ಕೂತಿದ್ರು."

"ಅಕ್ಕಾ, ಅದು…" ಅಂದೆ.

"ನೀವೇನ್ ಮಾಡಕಾಯ್ತದವ್ವ, ಅವ್ರ್ ಹಣೇಬರ. ಕೊನೆಗಾದ್ರೂ ಆ ಕೆಮ್ಮಿನ್ ಹಿಂಸೆ ತಪ್ಪಿಸಿದ್ರಿ. ಕಾಫಿ ಆರೋಯ್ತದೆ, ಕುಡೀರಿ."

ಕುಡಿದೆ. ಹೇಳಲಿಲ್ಲ. ಆಯಮ್ಮನಿಗೆ ನೋವಾಗಬಾರದು ಅಂತ ಹೇಳಲಿಲ್ಲ ಎಂದು ಬಹಳ ದಿನ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಅದಲ್ಲ. ನನಗೆ ಧೈರ್ಯ ಇರಲಿಲ್ಲ. ಆ ಮನೆಯಲ್ಲಿ ನನ್ನ ಮೇಲಿದ್ದ ಅಭಿಮಾನವನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ, ಅಷ್ಟೇ. ವಾಪಸು ಬರುವಾಗ ಗೂಳೂರಿನ ಸ್ಟಾಪಿನಲ್ಲಿ ಒಂದು ಬಸ್ಸು ನನ್ನ ಮುಂದೆ ನಿಂತಿತ್ತು. ಯಾರೋ ಹೊಸ ಕಂಡಕ್ಟರು ರೈಟ್ ರೈಟ್ ಅಂದ, ಬಸ್ಸು ಹೋಯಿತು. ನಾನು ಕಾರು ಎತ್ತದೆ ಹಾಗೇ ಕೂತಿದ್ದೆ. ಹಿಂದಿನವರು ಹಾರನ್ ಹೊಡೆದೂ ಹೊಡೆದೂ ಬೈದುಕೊಂಡು ಮುಂದೆ ಹೋದರು.

ಇವತ್ತಿನ ರೋಗಿ ಗುಬ್ಬಿ ಕಡೆಯವರು, ಅಂಗನವಾಡಿ ಟೀಚರು. ಅವರಿಗೂ ಹೀಗೇ, ಟ್ಯೂಬಿಲ್ಲದೆ, ನರಕ್ಕೆ ಔಷಧಿ ಬಿಟ್ಟು ಮಾಡಿದ್ದು. ಈ ನಾಲ್ಕು ವರ್ಷದಲ್ಲಿ ಇಂಥವು ಎಷ್ಟೋ ಆಗಿವೆ, ಈಗ ಭಯವಿಲ್ಲ. ನೀವು ಕೆಮ್ಮಬಾರದು ಅಂತ ಈಗ ಯಾರಿಗೂ ಹೇಳುವುದಿಲ್ಲ. ಆ ಕೆಲಸ ಔಷಧಿಗೆ ಬಿಟ್ಟಿದ್ದೇನೆ. ಬೆಳಿಗ್ಗೆ ಎಂಟೂವರೆಗೆ ಮುಗಿಯಿತು. ಆಮೇಲೆ ಕುಣಿಗಲ್ಲಿಗೆ ಹೋಗಿ ಎರಡು ಕೇಸು ಮಾಡಿ, ಸಂಜೆ ಮತ್ತೆ ಈ ಆಸ್ಪತ್ರೆಗೇ ಬಂದೆ. ಸೊಂಟ ಬಿದ್ದುಹೋಗುತ್ತಿತ್ತು. ಮುಂದಿನ ಮೆಟ್ಟಿಲು ಹತ್ತಿ ವಾರ್ಡಿಗೆ ಹೋದೆ.

ಟೀಚರು ದಿಂಬಿಗೆ ಒರಗಿ ಕೂತಿದ್ದರು. ಪಕ್ಕೆಗೆ ಒಂದು ಮಡಿಸಿದ ಟವೆಲು ಒತ್ತಿ ಹಿಡಿಸಿ, ಇನ್ನು ಕೆಮ್ಮಿ ಅಂದೆ. ಹೆದರಿಕೊಂಡು ಮೆಲ್ಲಗೆ ಕೆಮ್ಮಿದರು. ಸಾಲದು, ಜೋರಾಗಿ ಅಂದೆ. ಕೆಮ್ಮಿದರು, ಕಣ್ಣಲ್ಲಿ ನೀರು ಬಂತು. ಬೆಳಗಿನ ಥಿಯೇಟರ್ ಸಿಸ್ಟರ್ ಟೀಚರನ್ನು ನೋಡಲು ಅಲ್ಲಿಗೆ ಬಂದಿದ್ದಳು, ಬಾಯಲ್ಲಿ ಇನ್ನೂ ಮೆಣಸಿನ ವಾಸನೆ. "ಸಾಕು ಬಿಡಿ ಮೇಡಂ, ಪಾಪ, ನೋವಾಗುತ್ತೆ" ಅಂದಳು. ನಾನು ಇನ್ನೊಂದು ಸಲ ಅಂದೆ. ಟೀಚರು ನನ್ನನ್ನು ಒಂಥರಾ ನೋಡಿ, ಎದೆ ತುಂಬ ಉಸಿರೆಳೆದುಕೊಂಡು ಕೆಮ್ಮಿದರು. ಈ ಸಲ ಸರಿಯಾಗಿ ಬಂತು.

ಅವರಿಗೆ ಮೂರು ಸಲ ಹೇಳಿದೆ. ಕಂಡಕ್ಟರಣ್ಣನಿಗೆ, ಆ ನಾಲ್ಕು ದಿನದೊಳಗೆ, ಒಂದು ಸಲ ಹೇಳಿದ್ದರೆ ಸಾಕಿತ್ತು.